ಅಗ್ಗದ ಏಳು ತಂತಿ ಗಿಟಾರ್ ಕೊಳ್ಳುವ ಮುಂಚೆ ಅದರ ದಪ್ಪ ತಂತಿಯನ್ನು ಕೇಳಿ

ಏಳು ಅಥವಾ ಎಂಟು ತಂತಿಯ ಗಿಟಾರ್ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ. ಅತಿ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಒಮ್ಮೆ ಜೋರಾಗಿ ಮೀಟುತ್ತಾರೆ. ಗುಂಯ್ ಅಂತ ಆ ನಾದ ಹೊಟ್ಟೆಯೊಳಗೆ ಇಳಿಯುತ್ತದೆ, ಮನಸ್ಸು ಅಲ್ಲೇ ಸೋಲುತ್ತದೆ. ನಾನೂ ಹಾಗೆ ಸೋತು ಒಂದು ಅಗ್ಗದ ಎಂಟು ತಂತಿ ಗಿಟಾರ್ ಕೊಂಡಿದ್ದೆ. ಮನೆಗೆ ತಂದು ಅದೇ ತಂತಿಯನ್ನು 12ನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿ ನುಡಿಸಿದಾಗ ಸ್ವರ ಮೇಲಕ್ಕೆ ಜಾರಿತ್ತು. ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್‌ನ ಸ್ಕ್ರೂ ತಿರುಗಿಸುತ್ತಾ ಹೋದೆ. ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ ಸರಿದು ಸರಿದು ಕೊನೆಯ ಅಂಚಿಗೆ ಬಂದು ನಿಂತಿತು. ಸ್ವರ ಆಗಲೂ ಏರೇ ಇತ್ತು. ಇನ್ನು ಸರಿಸಲು ಜಾಗವೇ ಇರಲಿಲ್ಲ.

ಆ ಗಿಟಾರ್‌ನ ಉಳಿದ ಏಳು ತಂತಿಗಳೂ ಚೆನ್ನಾಗಿದ್ದವು. ಆದರೆ ನಾನು ಅದನ್ನು ಕೊಂಡಿದ್ದೇ ಎಂಟನೆಯ ತಂತಿಗಾಗಿ.

ಅಲ್ಲಿಂದ ಈಚೆಗೆ ಈ ಬಗೆಯ ಗಿಟಾರನ್ನು ನಾನು ಅಳೆಯುವುದು ಒಂದೇ ಅಳತೆಯಲ್ಲಿ: ಅತಿ ದಪ್ಪ ತಂತಿ ಹೇಗೆ ನಡೆದುಕೊಳ್ಳುತ್ತದೆ? ಆರು ತಂತಿಯನ್ನು ಚೆನ್ನಾಗಿ ನುಡಿಸಬಲ್ಲ ಅಗ್ಗದ ಗಿಟಾರ್‌ಗಳು ಈಗ ಬೇಕಾದಷ್ಟಿವೆ. ನೀವು ಹೆಚ್ಚಿಗೆ ಕೊಡುವ ಹಣವೆಲ್ಲ ಆ ಒಂದು ತಂತಿಗೆ. ಅದೇ ಸರಿಯಿಲ್ಲ ಅಂದರೆ ಹೊಳೆಯುವ ಬಣ್ಣ, ಮರದ ಗೆರೆ, ಶ್ರುತಿ ಮಾಡುವ ಕಪ್ಪು ಕೀಲಿಗಳು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಪೂರ್ತಿ ಓದುವಷ್ಟು ಸಮಯ ಇಲ್ಲದವರಿಗೆ ನನ್ನ ಉತ್ತರ ಇಷ್ಟು. ಏಳು ತಂತಿ, ಅಲುಗಾಡದ ಬ್ರಿಡ್ಜ್, 26.5 ಇಂಚು ಅಥವಾ ಅದಕ್ಕಿಂತ ಉದ್ದದ ಸ್ಕೇಲ್ (ಕಂಪಿಸುವ ತಂತಿಯ ಉದ್ದ) ಇದ್ದರೆ ಅಗ್ಗದ್ದನ್ನೂ ಧೈರ್ಯವಾಗಿ ಕೊಳ್ಳಬಹುದು. ಎಂಟು ತಂತಿಯದ್ದಾದರೆ ಸ್ವಲ್ಪ ತಡೆಯಿರಿ. ಈಗಷ್ಟೇ ಗಿಟಾರ್ ಕಲಿಯಲು ಶುರುಮಾಡಿದವರು ಎರಡನ್ನೂ ಸದ್ಯಕ್ಕೆ ಬಿಡಿ. ಮೊದಲ ಆರು ತಿಂಗಳ ಪಾಠವೆಲ್ಲ ಆರು ತಂತಿಗೇ ಬರೆದದ್ದು. ಏಳನೆಯದು ಸುಮ್ನೆ ಗುಂಯ್‌ಗುಡುತ್ತಾ ಕೈಗೆ ಅಡ್ಡ ಬರುತ್ತದೆ.

ಹೆಜ್ಜೆ 1: ಇರುವ ಗಿಟಾರನ್ನೇ ಒಂದು ತಿಂಗಳು ಇಳಿಸಿ ನುಡಿಸಿ

ದುಡ್ಡು ಖರ್ಚು ಮಾಡುವ ಮುಂಚೆ ಈ ಒಂದು ಪ್ರಯೋಗ ಮಾಡಿ. ಏಳು ತಂತಿಯ ಗಿಟಾರ್‌ಗೆ ಮಾರುವ ತಂತಿಗಳ ಒಂದು ಸೆಟ್ ತನ್ನಿ. ಅದರಲ್ಲಿ ಅತಿ ತೆಳುವಾದ ತಂತಿಯನ್ನು ಪಕ್ಕಕ್ಕಿಡಿ. ಉಳಿದ ಆರನ್ನು ನಿಮ್ಮ ಆರು ತಂತಿ ಗಿಟಾರ್‌ಗೆ ಹಾಕಿ, ದಪ್ಪದಿಂದ ತೆಳುವಿಗೆ ‘ಬಿ, ಇ, ಎ, ಡಿ, ಜಿ, ಬಿ’ ಅಂತ ಶ್ರುತಿ ಮಾಡಿ. ಏಳು ತಂತಿ ಗಿಟಾರ್‌ನ ಕೆಳಗಿನ ಆರು ತಂತಿಗಳು ಅಂದರೆ ಇವೇ.

ಹಳೆಯ ತಂತಿಯನ್ನೇ ಸಡಿಲಿಸಿದರೆ ಆಗುವುದಿಲ್ಲವೇ ಅಂತ ಕೇಳಬಹುದು. ಆಗುವುದಿಲ್ಲ. ದಪ್ಪ ‘ಇ’ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82.4. ಅದರ ಕೆಳಗಿನ ‘ಬಿ’ಯದು 61.7. ಅದೇ ತಂತಿಯನ್ನು ‘ಬಿ’ವರೆಗೆ ಇಳಿಸಿದರೆ ಬಿಗಿ ಸುಮಾರು 56 ಶೇಕಡಾಕ್ಕೆ ಬಂದುಬಿಡುತ್ತದೆ, ಯಾಕೆಂದರೆ ಬಿಗಿ ಕಂಪನದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ತಂತಿ ಒದ್ದೆ ದಾರದ ಹಾಗೆ ಜೋಲುತ್ತದೆ, ಫ್ರೆಟ್‌ಗಳಿಗೆ ಬಡಿಯುತ್ತದೆ. ಸಾಮಾನ್ಯ ಸೆಟ್‌ನ ‘ಇ’ ತಂತಿ 46 ಗೇಜ್, ಅಂದರೆ ಒಂದು ಇಂಚಿನ ಸಾವಿರದಲ್ಲಿ 46 ಪಾಲು ದಪ್ಪ. ಅದು ‘ಇ’ನಲ್ಲಿ ಕೊಡುವ ಬಿಗಿಯೇ ‘ಬಿ’ನಲ್ಲೂ ಬೇಕು ಅಂದರೆ ಹತ್ತಿರ ಹತ್ತಿರ 62 ಗೇಜ್ ಹಾಕಬೇಕು.

ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ನಟ್‌ನ ಕಚ್ಚು ಕಿರಿದಾದ್ದರಿಂದ ಆ ದಪ್ಪ ತಂತಿ ಸ್ವಲ್ಪ ಮೇಲೆಯೇ ಕೂರಬಹುದು. ಇರಲಿ ಬಿಡಿ, ಇದು ತಿಂಗಳ ಮಟ್ಟಿಗೆ ಮಾತ್ರ. ಅರ ತೆಗೆದುಕೊಂಡು ನಟ್ ಉಜ್ಜಲು ಹೋಗಬೇಡಿ. ಆಮೇಲೆ ಹಳೆಯ ತಂತಿ ಹಾಕಿದರೆ ಅದು ಆ ಅಗಲದ ಕಚ್ಚಿನಲ್ಲಿ ಅಲ್ಲಾಡುತ್ತದೆ.

ಒಂದು ತಿಂಗಳು ನಿಮ್ಮ ಮಾಮೂಲಿ ಅಭ್ಯಾಸವನ್ನೆಲ್ಲ ಇದರಲ್ಲೇ ಮಾಡಿ. ಕೊನೆಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಕೆಳಗಿನ ‘ಬಿ’ ತಂತಿಯನ್ನು ದಿನವೂ ಮುಟ್ಟಿದಿರಾ? ತೆಗೆದಿಟ್ಟ ತೆಳು ತಂತಿ ಬೇಕಿತ್ತು ಅನ್ನಿಸಿತಾ?

ಎರಡನೆಯ ಪ್ರಶ್ನೆಗೆ ಜನ ಸಾಮಾನ್ಯವಾಗಿ ಗಮನ ಕೊಡುವುದಿಲ್ಲ, ತೀರ್ಮಾನ ಮಾತ್ರ ಅದರ ಮೇಲೆಯೇ ನಿಂತಿದೆ. ಕೆಳಗಿನದ್ದೂ ಬೇಕು, ಮೇಲಿನದ್ದೂ ಬೇಕು ಅನ್ನುವವರಿಗಷ್ಟೇ ಏಳನೆಯ ತಂತಿ. ಒಂದು ತಿಂಗಳಲ್ಲಿ ಒಮ್ಮೆಯೂ ತೆಳು ತಂತಿ ನೆನಪಾಗಲಿಲ್ಲ ಅಂದರೆ ನಿಮಗೆ ಬೇಕಿರುವುದು ಆಳದ ಸ್ವರ, ಹೆಚ್ಚಿನ ತಂತಿ ಅಲ್ಲ. ಆಗ ಇದೇ ಗಿಟಾರ್‌ಗೆ ಒಳ್ಳೆಯ ಸೆಟಪ್ (ತಂತಿ, ಕತ್ತು, ಬ್ರಿಡ್ಜ್ ಹೊಂದಿಸುವ ಕೆಲಸ) ಮಾಡಿಸಿಕೊಳ್ಳಿ. ಇಲ್ಲವೇ ಆಳದ ಶ್ರುತಿಗೆಂದೇ ಮಾಡಿದ, 27 ಇಂಚಿನ ಆಸುಪಾಸಿನ ಆರು ತಂತಿ ಬ್ಯಾರಿಟೋನ್ ಗಿಟಾರ್ ನೋಡಿ. ಅದೇ ಹಣಕ್ಕೆ ಇನ್ನೂ ಗಟ್ಟಿಯಾದ ವಾದ್ಯ ಸಿಗುತ್ತದೆ. ಶ್ರುತಿ ಇಳಿಸುವ ಪೆಡಲ್‌ಗಳೂ ಇವೆ. ಎರಡು ಮೂರು ಫ್ರೆಟ್‌ನಷ್ಟು ಇಳಿಸುವವರೆಗೆ ಅವು ಸರಿಯಾಗಿ ಕೆಲಸ ಮಾಡುತ್ತವೆ. ಐದು ಫ್ರೆಟ್‌ನಷ್ಟು ಇಳಿಸಿದರೆ ಮೀಟಿನ ಚುರುಕು ಹೋಗುತ್ತದೆ ಅನ್ನುವುದು ನನ್ನ ಅನುಭವ.

ಹೆಜ್ಜೆ 2: ಏಳಾ, ಎಂಟಾ ಅಂತ ತೀರ್ಮಾನಿಸಿ

ಏಳು ತಂತಿ ಹೊಸದೇನಲ್ಲ. ಜಾಝ್ ವಾದಕ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದಲ್ಲೇ ಕೆಳಗೊಂದು ತಂತಿ ಹೆಚ್ಚಿರುವ ಗಿಟಾರ್ ಮಾಡಿಸಿಕೊಂಡಿದ್ದರು. 1990ರಲ್ಲಿ ಗಿಟಾರ್ ವಾದಕ ಸ್ಟೀವ್ ವೈ ಜೊತೆಗೂಡಿ ಐಬನೆಜ್ ಕಂಪನಿ ‘ಯೂನಿವರ್ಸ್’ ಎಂಬ ಏಳು ತಂತಿ ಗಿಟಾರನ್ನು ಹೊರತಂದಿತು. ಕೆಲವೇ ವರ್ಷಗಳಲ್ಲಿ ಮೆಟಲ್ ಸಂಗೀತದ ಕಾರ್ನ್ ತಂಡ ಅದೇ ಬಗೆಯ ಗಿಟಾರನ್ನು ಭಾರವಾದ ರಿಫ್‌ಗಳಿಗೆ (ಮತ್ತೆ ಮತ್ತೆ ಬರುವ ಸ್ವರಗುಚ್ಛಗಳಿಗೆ) ಬಳಸಿತು. 2000ರ ದಶಕದಲ್ಲಿ ಮೆಶುಗಾ ತಂಡದಿಂದ ಎಂಟು ತಂತಿಗೂ ಹೆಸರು ಬಂತು. 2007ರಲ್ಲಿ ಐಬನೆಜ್‌ನ ಆರ್‌ಜಿ2228 ಬಂದಾಗ ಅದು ಕಾರ್ಖಾನೆಯಿಂದಲೇ ಸಿಗುವ ಹಾಗಾಯಿತು. ಈಗ ಜಾಕ್ಸನ್, ಶೆಕ್ಟರ್, ಹಾರ್ಲೆ ಬೆಂಟನ್ ಅಂಥವರ ಅಗ್ಗದ ಸಾಲಿನಲ್ಲೂ ಎರಡೂ ಇವೆ.

ಏಳನೆಯದು ‘ಬಿ’. ತೆಳು ಕಡೆಯಿಂದ ಎರಡನೆಯ ತಂತಿಯ ‘ಬಿ’ಗಿಂತ ಸರಿಯಾಗಿ ಎರಡು ಆಕ್ಟೇವ್ (ಸ್ಥಾಯಿ) ಕೆಳಗೆ. ಕೈಗೆ ಬೇಗ ಒಗ್ಗುತ್ತದೆ. ‘ಇ’ ಮತ್ತು ‘ಎ’ ತಂತಿಗಳ ಮೇಲೆ ಎರಡು ಸ್ವರ ಒಟ್ಟಿಗೆ ಹಿಡಿಯುವ ಪವರ್ ಕಾರ್ಡ್‌ನ ಆಕಾರವನ್ನೇ ಒಂದು ತಂತಿ ಕೆಳಗೆ ಸರಿಸಿದರೆ ಮುಗಿಯಿತು.

ಎಂಟನೆಯದು ‘ಎಫ್ ಶಾರ್ಪ್’, ಸೆಕೆಂಡಿಗೆ 46.2 ಕಂಪನ. ಬೇಸ್ ಗಿಟಾರ್‌ನ ದಪ್ಪ ತಂತಿಯದೇ 41.2. ಅಂದರೆ ನೀವು ಬೇಸ್‌ನವರ ಮನೆಯೊಳಗೇ ಕಾಲಿಟ್ಟ ಹಾಗೆ. ಈ ಆಳದ ಸ್ವರಕ್ಕೆ ಬೇಸ್ ಗಿಟಾರ್ ಬಳಸುವುದು ಸುಮಾರು 34 ಇಂಚಿನ ತಂತಿ. ಅಗ್ಗದ ಎಂಟು ತಂತಿ ಗಿಟಾರ್‌ಗೆ ಸಿಗುವುದು 26.5, 27 ಇಂಚು. ನನ್ನ ಗಿಟಾರ್‌ನ ಸ್ಯಾಡಲ್ ಅಂಚಿಗೆ ಹೋಗಿ ನಿಂತದ್ದು ಯಾಕೆ ಅಂತ ಆಗ ನನಗೆ ಗೊತ್ತಾಗಿರಲಿಲ್ಲ. ಈ ಲೆಕ್ಕ ನೋಡಿದ ಮೇಲೆ ಗೊತ್ತಾಯಿತು: ಸ್ಕೇಲ್ ಗಿಡ್ಡವಾದಷ್ಟೂ ತಂತಿ ದಪ್ಪ ಬೇಕು, ತಂತಿ ದಪ್ಪವಾದಷ್ಟೂ ಸ್ಯಾಡಲ್ ಹಿಂದೆ ಸರಿಯಬೇಕು. ಇಂಥ ಕಡೆ ತಯಾರಕರು ಎಷ್ಟು ಎಚ್ಚರ ವಹಿಸಿದ್ದಾರೆ ಅನ್ನುವುದೇ ಮುಖ್ಯ. ಬೆಲೆ ಇಳಿಸುವಾಗ ಮೊದಲು ಕಡಿಮೆಯಾಗುವುದೂ ಆ ಎಚ್ಚರವೇ.

ಹಾಗಾಗಿ ಮೊದಲ ಸಲ ಕೊಳ್ಳುವವರು ಏಳಕ್ಕೆ ನಿಲ್ಲಿ. ಎಂಟೇ ಬೇಕು ಅನ್ನುವವರು ಇನ್ನೂ ಸ್ವಲ್ಪ ಹಣ ಕೂಡಿಸಿ 27 ಇಂಚಿಗಿಂತ ಉದ್ದದ್ದನ್ನೇ ಹುಡುಕಿ.

ಹೆಜ್ಜೆ 3: ಸ್ಕೇಲ್ ಉದ್ದವನ್ನು ಎಲ್ಲಕ್ಕಿಂತ ಮೊದಲು ನೋಡಿ

ನಟ್‌ನಿಂದ ಬ್ರಿಡ್ಜ್‌ವರೆಗೆ ಕಂಪಿಸುವ ತಂತಿಯ ಉದ್ದವೇ ಸ್ಕೇಲ್. ಮಾಮೂಲಿ ಗಿಟಾರ್‌ಗಳಲ್ಲಿ 25.5 ಅಥವಾ 24.75 ಇಂಚು ಇರುತ್ತದೆ. ಅಗ್ಗದ ಏಳು ತಂತಿ ಗಿಟಾರ್‌ಗಳಲ್ಲಿ ಹಲವು 25.5 ಇಂಚಿನಲ್ಲೇ ಬರುತ್ತವೆ.

ಒಂದು ಇಂಚು, ಒಂದೂವರೆ ಇಂಚು ಏನು ಮಹಾ ಅನ್ನಿಸಬಹುದು. ತಂತಿಯ ಬಿಗಿ ಉದ್ದದ ವರ್ಗದ ಲೆಕ್ಕದಲ್ಲೂ ಏರುತ್ತದೆ. ಅದೇ ತಂತಿ, ಅದೇ ಶ್ರುತಿ ಇಟ್ಟುಕೊಂಡು 25.5ರಿಂದ 26.5ಕ್ಕೆ ಹೋದರೆ ಸುಮಾರು 8 ಶೇಕಡಾ ಬಿಗಿ ಜಾಸ್ತಿ. 27ಕ್ಕೆ ಹೋದರೆ 12 ಶೇಕಡಾ. ಬಿಗಿ ಹೆಚ್ಚಿದಷ್ಟೂ ದಪ್ಪ ತಂತಿಯ ಮೇಲೆ ಬೇಗ ಬೇಗ ಮೀಟಿದಾಗ ಪ್ರತಿ ಪೆಟ್ಟೂ ಬಿಡಿಯಾಗಿ ಕೇಳುತ್ತದೆ. ಸಡಿಲ ತಂತಿಯಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ.

ಇನ್ನೊಂದು ತೊಂದರೆಯೂ ಇದೆ. ಸಡಿಲ ತಂತಿಯನ್ನು ಜೋರಾಗಿ ಮೀಟಿದಾಗ ಸ್ವರ ಮೊದಲು ಮೇಲೇರಿ ಆಮೇಲೆ ಇಳಿಯುತ್ತದೆ. ಟ್ಯೂನರ್ ಎದುರಿಟ್ಟುಕೊಂಡು ಮೀಟಿ ನೋಡಿ. ಮುಳ್ಳು ಬಲಕ್ಕೆ ಹಾರಿ ನಿಧಾನವಾಗಿ ನಡುವಿಗೆ ಬರುವುದು ಕಣ್ಣಿಗೇ ಕಾಣುತ್ತದೆ. ವೇಗದ ರಿಫ್‌ನಲ್ಲಿ ಅದು ಇಳಿಯುವಷ್ಟರಲ್ಲಿ ಮುಂದಿನ ಪೆಟ್ಟು ಬಿದ್ದಿರುತ್ತದೆ. ಅಂದರೆ ನೀವು ಇಡೀ ಹೊತ್ತು ಏರು ಸ್ವರದಲ್ಲೇ ನುಡಿಸುತ್ತಿರುತ್ತೀರಿ. ನನ್ನ ಅಭಿಪ್ರಾಯದಲ್ಲಿ ಅಗ್ಗದ ಗಿಟಾರ್‌ಗಳ ಮೇಲೆ ಬರುವ ‘ಶ್ರುತಿ ನಿಲ್ಲುವುದಿಲ್ಲ’ ಎಂಬ ದೂರಿನಲ್ಲಿ ಒಂದು ಪಾಲು ಇದೇ. ಕೀಲಿಯದ್ದು ಏನೂ ತಪ್ಪಿರುವುದಿಲ್ಲ.

25.5 ಇಂಚಿನ ಏಳು ತಂತಿ ಕೆಟ್ಟದ್ದು ಅಂತಲ್ಲ. ಜಾಝ್ ಕಾರ್ಡ್‌ಗಳಿಗೆ, ಮೇಲಿನ ತಂತಿಗಳಲ್ಲಿ ಸೋಲೋ ನುಡಿಸುವವರಿಗೆ ಅದೇ ಹಿತ. ‘ಬಿ’ಯಿಂದ ಇನ್ನೂ ಒಂದು ಮೆಟ್ಟಿಲು ಇಳಿದು ‘ಎ’ಗೆ ಹೋಗುವ ಆಸೆ ಇದ್ದವರು ಮಾತ್ರ 26.5ಕ್ಕಿಂತ ಕಡಿಮೆ ಬೇಡ.

ಫ್ರೆಟ್‌ಗಳು ಬೀಸಣಿಗೆಯ ಹಾಗೆ ಓರೆಯಾಗಿರುವ ಮಲ್ಟಿಸ್ಕೇಲ್ ಗಿಟಾರ್‌ಗಳೂ ಈಗ ಕಡಿಮೆ ಬೆಲೆಗೆ ಸಿಗುತ್ತವೆ. ದಪ್ಪ ತಂತಿಗೆ ಉದ್ದ ಸ್ಕೇಲ್, ತೆಳು ತಂತಿಗೆ ಗಿಡ್ಡ ಸ್ಕೇಲ್. ಯೋಚನೆ ಒಳ್ಳೆಯದು, ಕೈ ಒಂದೆರಡು ದಿನದಲ್ಲಿ ಹೊಂದಿಕೊಳ್ಳುತ್ತದೆ. ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವ ಬ್ಯಾರೆ ಕಾರ್ಡ್ ಒಂದನೆಯ ಫ್ರೆಟ್ ಹತ್ತಿರ ಮಾತ್ರ ಸ್ವಲ್ಪ ದಿನ ತಿಣುಕಿಸುತ್ತದೆ. ಅಂಗಡಿಯಲ್ಲಿ ಅದನ್ನೊಮ್ಮೆ ಹಿಡಿದು ನೋಡಿ.

ಹೆಜ್ಜೆ 4: ಏನು ಬೇಡ ಅನ್ನುವುದನ್ನು ಬರೆದಿಟ್ಟುಕೊಳ್ಳಿ

ಅಗ್ಗದ ಗಿಟಾರ್‌ನಲ್ಲಿ ತೇಲುವ ಟ್ರೆಮೊಲೊ ಬೇಡವೇ ಬೇಡ. ಸ್ಪ್ರಿಂಗ್‌ಗಳ ಮೇಲೆ ನಿಂತ ಆ ಬ್ರಿಡ್ಜ್‌ಗೆ ಗಟ್ಟಿ ಲೋಹ ಬೇಕು, ಚೂಪು ಅಂಚು ಬೇಕು. ಅಗ್ಗದ್ದರಲ್ಲಿ ಆ ಅಂಚು ಬೇಗ ಸವೆಯುತ್ತದೆ. ಏಳು ತಂತಿಯ ಬಿಗಿಯನ್ನು ಅದರ ಮೇಲೆ ಹೇರಿ, ಆಮೇಲೆ ಒಂದು ತಂತಿ ಇಳಿಸಿದರೆ ಉಳಿದ ಆರೂ ಏರುತ್ತವೆ. ಇದರ ಜೊತೆ ಗುದ್ದಾಡುತ್ತಾ ಅಭ್ಯಾಸದ ಅರ್ಧ ಹೊತ್ತು ಕಳೆದುಹೋಗುತ್ತದೆ. ಮರಕ್ಕೆ ಬಿಗಿದ ಬ್ರಿಡ್ಜ್ ಇರಲಿ.

ಬೇರೆ ಪಿಕಪ್ (ತಂತಿಯ ಕಂಪನವನ್ನು ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುವ ಭಾಗ) ಹಾಕಿಸಿಕೊಳ್ಳುವ ಯೋಚನೆ ಇದ್ದರೆ ಪಿಕಪ್ ಕೂರುವ ಗುಂಡಿಯ ಆಕಾರ ನೋಡಿಕೊಳ್ಳಿ. ಎಷ್ಟೋ ಅಗ್ಗದ ಏಳು ತಂತಿ ಗಿಟಾರ್‌ಗಳಲ್ಲಿ ಬ್ಯಾಟರಿ ಬಳಸುವ ಆಕ್ಟಿವ್ ಪಿಕಪ್‌ನ ಉದ್ದ ಚೌಕಟ್ಟಿನೊಳಗೆ ಸಾಮಾನ್ಯ ಪಿಕಪ್ ಕೂರಿಸಿರುತ್ತಾರೆ. ಮುಂದೆ ಬದಲಿಸುವಾಗ ಅದೇ ಅಳತೆಯದ್ದೇ ಬೇಕಾಗುತ್ತದೆ. ಇಲ್ಲದಿದ್ದರೆ ಮರ ಕೊರೆಯಬೇಕು. ಆದರೂ ಪಿಕಪ್ ಸಾಧಾರಣ ಅನ್ನುವ ಒಂದೇ ಕಾರಣಕ್ಕೆ ಗಿಟಾರನ್ನು ತಿರಸ್ಕರಿಸಬೇಡಿ. ಪಿಕಪ್ ಎಂದಾದರೂ ಬದಲಿಸಬಹುದು. ಕತ್ತು ಬದಲಿಸುವುದು ಅಷ್ಟು ಸುಲಭವಲ್ಲ.

ಬಾಡಿಯ ಮರದ ಜಾತಿ, ಮೇಲೆ ಅಂಟಿಸಿದ ಚಿತ್ತಾರದ ಪದರ, ಇವುಗಳ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಹಣದ ಹಂಚಿಕೆ ಹೀಗಿರಲಿ: ಕೈಯಲ್ಲಿರುವುದನ್ನು ನಾಲ್ಕು ಪಾಲು ಮಾಡಿ. ಮೂರು ಪಾಲು ಗಿಟಾರ್‌ಗೆ, ಒಂದು ಪಾಲು ಹೊಸ ತಂತಿ ಮತ್ತು ಸೆಟಪ್‌ಗೆ. ಅಗ್ಗದ ಗಿಟಾರ್‌ಗಳು ಪೆಟ್ಟಿಗೆಯಿಂದ ತೆಗೆದ ಕೂಡಲೇ ಸರಿಯಾಗಿ ನುಡಿಯುವುದು ಅಪರೂಪ. ಆ ನಾಲ್ಕನೆಯ ಪಾಲು ಉಳಿಸದೆ ಎಲ್ಲವನ್ನೂ ಗಿಟಾರ್‌ಗೇ ಸುರಿದವರು ಅದನ್ನು ಮೂಲೆಗಿಟ್ಟಿದ್ದನ್ನು ನೋಡಿದ್ದೇನೆ. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಹೆಚ್ಚು ಬಳಸದ ಏಳು ತಂತಿ ಗಿಟಾರ್ ಹುಡುಕಿದರೆ ಸಿಗುತ್ತದೆ. ಅಲ್ಲಿಂದಲೇ ಶುರು ಮಾಡಿ ಅನ್ನುವುದು ನನ್ನ ಸಲಹೆ.

ಹೆಜ್ಜೆ 5: ಕೈಗೆ ಬಂದಾಗ ಹದಿನೈದು ನಿಮಿಷದ ಪರೀಕ್ಷೆ

ಅಂಗಡಿಯಲ್ಲಾದರೂ ಸರಿ, ಪಾರ್ಸೆಲ್ ಬಂದ ದಿನವಾದರೂ ಸರಿ, ಈ ಕ್ರಮದಲ್ಲಿ ನೋಡಿ. ಆಂಪ್‌ಗೆ (ಆಂಪ್ಲಿಫೈಯರ್) ಈಗಲೇ ಚುಚ್ಚಬೇಡಿ. ಜೋರು ಶಬ್ದದಲ್ಲಿ ತಪ್ಪುಗಳೆಲ್ಲ ಮುಚ್ಚಿಹೋಗುತ್ತವೆ.

ಮೊದಲು ಶ್ರುತಿ ಮಾಡಿ. ಫೋನಿನ ಟ್ಯೂನರ್‌ಗೆ ಆಳದ ತಂತಿ ಸರಿಯಾಗಿ ಕೇಳಿಸದಿದ್ದರೆ 12ನೇ ಫ್ರೆಟ್ ಮೇಲೆ ಬೆರಳನ್ನು ಮೆಲ್ಲಗೆ ತಾಗಿಸಿ ಹಾರ್ಮೋನಿಕ್ ಹೊರಡಿಸಿ, ಅದನ್ನು ನೋಡಿ ಶ್ರುತಿ ಮಾಡಿ.

ಈಗ ದಪ್ಪ ತಂತಿ. 12ನೇ ಫ್ರೆಟ್‌ನ ಹಾರ್ಮೋನಿಕ್ ನುಡಿಸಿ. ಅದೇ ಫ್ರೆಟ್ ಒತ್ತಿ ನುಡಿಸಿ. ಎರಡೂ ಒಂದೇ ಸ್ವರ ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದೆ ಸರಿಯಬೇಕು, ಇಳಿದಿದ್ದರೆ ಮುಂದೆ. ಸ್ವಲ್ಪ ವ್ಯತ್ಯಾಸ ಇದ್ದರೆ ಗಾಬರಿಯಿಲ್ಲ. ಅದಕ್ಕೇ ಆ ಸ್ಕ್ರೂ ಇರುವುದು. ನೋಡಬೇಕಾದದ್ದು ಸ್ಯಾಡಲ್‌ನ ಹಿಂದೆ ಇನ್ನೂ ಜಾಗ ಉಳಿದಿದೆಯಾ ಅನ್ನುವುದನ್ನು. ಸ್ವರ ಏರಿದೆ, ಸ್ಯಾಡಲ್ ಆಗಲೇ ಕೊನೆಯಲ್ಲಿದೆ ಅಂದರೆ ಆ ಗಿಟಾರ್ ವಾಪಸ್ ಕೊಡಿ. ಹೊಸ ತಂತಿ ಹಾಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ, ಹಾಕಿ ತೋರಿಸಲಿ. ತಂತಿ ಹಳೆಯದಾಗಿ ತುಕ್ಕು ಹಿಡಿದಿದ್ದರೆ ಆ ಮಾತು ನಿಜವೂ ಆಗಬಹುದು.

ಆಮೇಲೆ ಒಂದು ಪೂರ್ತಿ ನಡಿಗೆ. ದಪ್ಪ ತಂತಿಯ ಮೇಲೆ ಒಂದನೆಯ ಫ್ರೆಟ್‌ನಿಂದ ಕೊನೆಯವರೆಗೆ ಒಂದೊಂದಾಗಿ ಒತ್ತಿ ಮೀಟುತ್ತಾ ಹೋಗಿ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಝರ್ ಅಂದರೆ ತಂತಿ ತಗ್ಗಾಗಿದೆ, ಸೆಟಪ್‌ನಲ್ಲಿ ಸರಿಹೋಗುತ್ತದೆ. ಒಂದೇ ಜಾಗದಲ್ಲಿ ಸ್ವರ ಸತ್ತಂತಾದರೆ ಮುಂದಿನ ಫ್ರೆಟ್ ಎದ್ದಿದೆ. ಉಳಿದ ತಂತಿಗಳಲ್ಲೂ ಇದನ್ನೇ ಮಾಡಿ. ಎದ್ದ ಫ್ರೆಟ್ ಒಂದೆರಡು ಇದ್ದರೆ ರಿಪೇರಿಯವರು ಸರಿಮಾಡಬಲ್ಲರು. ಅಲ್ಲಲ್ಲಿ ನಾಲ್ಕೈದು ಇದ್ದರೆ ಬಿಟ್ಟುಬಿಡಿ.

ಕತ್ತಿನ ಎರಡೂ ಅಂಚನ್ನು ಅಂಗೈಯಿಂದ ಸವರಿ. ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಫ್ರೆಟ್‌ನ ತುದಿಗಳನ್ನು ನಯ ಮಾಡಿಲ್ಲ, ಅಥವಾ ಮರ ಒಣಗಿ ಕುಗ್ಗಿದೆ. ಏಳು ತಂತಿಯ ಕತ್ತು ನಟ್ ಹತ್ತಿರ ಸುಮಾರು 48 ಮಿಲಿಮೀಟರ್ ಅಗಲ, ಆರು ತಂತಿಯದ್ದು 42, 43. ಅಗಲ ಜಾಸ್ತಿಯಾದ್ದರಿಂದ ಕೈ ಮೇಲೆ ಕೆಳಗೆ ಓಡಾಡುವುದೂ ಜಾಸ್ತಿ. ಚುಚ್ಚುವ ಅಂಚು ದಿನವೂ ಕಾಡುತ್ತದೆ.

ಗಿಟಾರ್‌ನ ಹೆಗಲ ಪಟ್ಟಿ ಹಾಕಿಕೊಂಡು ಎದ್ದು ನಿಂತು ಎರಡೂ ಕೈ ಬಿಡಿ. ತಲೆ ಕೆಳಕ್ಕೆ ವಾಲುತ್ತದಾ? ಕೀಲಿಗಳು ಹೆಚ್ಚಿದಷ್ಟು ತಲೆಯ ಭಾರವೂ ಹೆಚ್ಚು. ವಾಲಿದರೆ ಎಡಗೈ ಇಡೀ ಹೊತ್ತು ಕತ್ತನ್ನು ಹೊತ್ತುಕೊಂಡೇ ನುಡಿಸಬೇಕಾಗುತ್ತದೆ.

ಕೊನೆಗೆ ಆಂಪ್‌ಗೆ ಜೋಡಿಸಿ. ಗುಂಡಿಗಳನ್ನೆಲ್ಲ ತಿರುಗಿಸಿ ಕರಕರ ಇದೆಯಾ ನೋಡಿ. ವೈರ್ ಚುಚ್ಚುವ ಜಾಗವನ್ನು ಮೆಲ್ಲಗೆ ಅಲ್ಲಾಡಿಸಿ. ಇವು ಸಣ್ಣ ರಿಪೇರಿಗಳು, ಬೆಲೆ ಇಳಿಸಿಕೊಳ್ಳಲು ನೆಪವಾಗುತ್ತವೆ ಅಷ್ಟೇ. ಹಳೆಯ ಗಿಟಾರ್ ಆದರೆ ಕತ್ತಿನ ಬಾಗು ಹೊಂದಿಸುವ ಒಳಗಿನ ಕಂಬಿ, ಟ್ರಸ್ ರಾಡ್, ತಿರುಗುತ್ತದಾ ಅಂತ ಮಾರುವವರ ಎದುರೇ ಕಾಲು ಸುತ್ತು ತಿರುಗಿಸಿ ನೋಡಿ. ಅದು ಸಿಕ್ಕಿಹಾಕಿಕೊಂಡಿದ್ದರೆ ಯಾವ ಬೆಲೆಗೂ ಬೇಡ.

ಹೆಜ್ಜೆ 6: ಮನೆಗೆ ಬಂದ ಮೇಲೆ

ಬಂದ ತಂತಿಗಳನ್ನು ತೆಗೆದುಹಾಕಿ. ಅಗ್ಗದ ಏಳು ತಂತಿ ಗಿಟಾರ್‌ಗಳಲ್ಲಿ ಏಳನೆಯದು ಎಷ್ಟೋ ಸಲ 54 ಅಥವಾ 56 ಗೇಜ್ ಇರುತ್ತದೆ. 25.5 ಇಂಚಿನ ಗಿಟಾರ್‌ಗೆ ಅದು ತೆಳು. 60, 62 ಹಾಕಿ. 27 ಇಂಚಿನದ್ದಾದರೆ 58, 60 ಸಾಕು. ದಪ್ಪ ತಂತಿಯನ್ನು ಕತ್ತರಿಸುವ ಮುಂಚೆ ಆ ಜಾಗದಲ್ಲಿ ಮಡಚಿ, ಆಮೇಲೆ ಕತ್ತರಿಸಿ. ನೇರವಾಗಿ ಕತ್ತರಿಸಿದರೆ ಮೇಲಿನ ಸುತ್ತು ಸಡಿಲವಾಗಿ ನಾದ ಮಂಕಾಗಬಹುದು.

ನಟ್ ಪರೀಕ್ಷೆ ಹೀಗೆ. ದಪ್ಪ ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿಹಿಡಿದು, ಒಂದನೆಯ ಫ್ರೆಟ್ ಮೇಲಿನ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಹಾಳೆ ತೂರುವಷ್ಟು ಸಂದಿ ಇದ್ದರೆ ಸಾಕು. ಜಾಸ್ತಿ ಇದ್ದರೆ ತಂತಿ ಕಚ್ಚಿನೊಳಗೆ ಪೂರ್ತಿ ಇಳಿದಿಲ್ಲ. ಒಂದು, ಎರಡನೆಯ ಫ್ರೆಟ್‌ನಲ್ಲಿ ಒತ್ತಿದಾಗೆಲ್ಲ ಸ್ವರ ಏರುತ್ತದೆ. ಈ ಕೆಲಸ ರಿಪೇರಿಯವರಿಗೆ ಕೊಡಿ. ಒಮ್ಮೆ ಆಳವಾಗಿ ಕೊರೆದರೆ ಹಿಂದಕ್ಕೆ ಬರುವುದಿಲ್ಲ. ನೀವೇ ಮಾಡಬಹುದಾದ್ದು ಒಂದಿದೆ. ಶ್ರುತಿ ಮಾಡುವಾಗ ನಟ್‌ನಲ್ಲಿ ಟಿಕ್ ಅಂತ ಸದ್ದು ಬಂದು ಸ್ವರ ಒಮ್ಮೆಲೇ ಹಾರಿದರೆ, ತಂತಿ ಎತ್ತಿ ಕಚ್ಚಿನೊಳಗೆ ಮೆತ್ತನೆಯ ಪೆನ್ಸಿಲ್ಲಿನ ಮೊನೆಯನ್ನು ನಾಲ್ಕು ಸಲ ಉಜ್ಜಿ. ಕಪ್ಪು ಪುಡಿಯ ಮೇಲೆ ತಂತಿ ಸಲೀಸಾಗಿ ಜಾರುತ್ತದೆ.

ಕತ್ತಿನ ಬಾಗು ನೋಡಲು ಒಂದನೆಯ ಫ್ರೆಟ್‌ಗೆ ಕ್ಯಾಪೊ (ತಂತಿ ಒತ್ತಿಹಿಡಿಯುವ ಕ್ಲಿಪ್) ಹಾಕಿ, ಕತ್ತು ಬಾಡಿಗೆ ಸೇರುವ ಜಾಗದ ಫ್ರೆಟ್ ಒತ್ತಿ. ಏಳು, ಎಂಟನೆಯ ಫ್ರೆಟ್ ಮೇಲೆ ಸುಮಾರು 0.25 ಮಿಲಿಮೀಟರ್ ಸಂದಿ ಇರಲಿ. ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಅಂದುಕೊಳ್ಳಿ. ಸಂದಿ ಜಾಸ್ತಿ ಇದ್ದರೆ ಟ್ರಸ್ ರಾಡ್ ಬಿಗಿಮಾಡಿ, ಇಲ್ಲವೇ ಇಲ್ಲ ಅಂದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಆಮೇಲೆ 12ನೇ ಫ್ರೆಟ್ ಮೇಲೆ ತಂತಿಯ ಎತ್ತರ ದಪ್ಪ ಕಡೆ 2 ಮಿಲಿಮೀಟರ್, ತೆಳು ಕಡೆ 1.5 ಆಸುಪಾಸು ಇಟ್ಟು ಶುರುಮಾಡಿ. ಎಲ್ಲಕ್ಕೂ ಕೊನೆಗೆ ಸ್ಯಾಡಲ್ ಸರಿಸಿ 12ನೇ ಫ್ರೆಟ್‌ನ ಸ್ವರ ಹೊಂದಿಸಿ. ಕೂದಲೆಳೆಯಷ್ಟು ಜಾಗ ಕಡಿಮೆ ಬಿದ್ದರೆ, ಆ ಸ್ಯಾಡಲ್‌ನ ಹಿಂದಿನ ಪುಟ್ಟ ಸ್ಪ್ರಿಂಗ್ ತೆಗೆದುಬಿಡಿ. ಒಂದೆರಡು ಮಿಲಿಮೀಟರ್ ಸಿಗುತ್ತದೆ. ತಂತಿಯ ಒತ್ತಡವೇ ಸ್ಯಾಡಲನ್ನು ಹಿಡಿದಿಟ್ಟುಕೊಳ್ಳುತ್ತದೆ.

ಹೆಜ್ಜೆ 7: ಆಂಪ್‌ನಲ್ಲಿ ಬೇಸ್ ಇಳಿಸಿ

ಆಳದ ಸ್ವರಕ್ಕೆ ಬೇಸ್ ಏರಿಸಬೇಕು ಅನ್ನಿಸುವುದು ಸಹಜ ಅಲ್ವಾ? ಮಾಡಬೇಕಾದ್ದು ಅದರ ತಿರುವುಮುರುವು. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಸಾಮಾನ್ಯವಾಗಿ 75 ಹರ್ಟ್ಜ್ ಸುತ್ತಮುತ್ತಲಿಂದ ಕೆಳಗೆ ದುರ್ಬಲವಾಗುತ್ತಾ ಹೋಗುತ್ತದೆ. ಏಳನೆಯ ತಂತಿಯ ಮೂಲ ಕಂಪನ 61.7. ಅಂದರೆ ಅದು ಆ ಗಡಿಯಿಂದ ಆಗಲೇ ಕೆಳಗಿದೆ. ನಮಗೆ ಕೇಳುವುದು ಹೆಚ್ಚಾಗಿ ಅದರ ಎರಡು, ಮೂರು ಪಟ್ಟಿನ ಕಂಪನಗಳು. ಮೂಲ ಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಬೇಸ್ ಏರಿಸಿದರೆ ಸ್ಪೀಕರ್ ಒದ್ದಾಡುತ್ತದೆ, ಸ್ವರ ಕೆಸರಾಗುತ್ತದೆ.

ಸ್ವರವನ್ನು ಒರಟಾಗಿಸುವ ಡಿಸ್ಟಾರ್ಷನ್ ಬಳಸುವವರು ಅದಕ್ಕಿಂತ ಮೊದಲು ಒಂದು ಟ್ಯೂಬ್ ಸ್ಕ್ರೀಮರ್ ಬಗೆಯ ಓವರ್‌ಡ್ರೈವ್ ಪೆಡಲ್ ಇಡಿ. ಡ್ರೈವ್ ಸೊನ್ನೆ, ಲೆವೆಲ್ ಮೇಲೆ. ಈ ಪೆಡಲ್ ತಗ್ಗಿನ ಕಂಪನಗಳಿಗೆ ಅಷ್ಟಾಗಿ ಬಲ ಕೊಡುವುದಿಲ್ಲ. ಹಾಗಾಗಿ ಡಿಸ್ಟಾರ್ಷನ್‌ಗೆ ಹೋಗುವ ಸ್ವರ ಬಿಗಿಯಾಗಿರುತ್ತದೆ. ಮೊದಲ ಸಲ ಇದನ್ನು ಜೋಡಿಸಿ ಅಂಗೈ ಒತ್ತಿ ಮೀಟಿದಾಗ, ಗೊಳಗೊಳ ಅನ್ನುತ್ತಿದ್ದ ತಂತಿ ಬಾಗಿಲು ಬಡಿದ ಹಾಗೆ ದಡ್ ದಡ್ ಅಂದಿದ್ದು ನನಗೆ ಈಗಲೂ ನೆನಪಿದೆ. ಗಿಟಾರ್ ಅದೇ, ಪಿಕಪ್ ಅದೇ.

ಪಿಕಪ್ ಕೂಡ ದಪ್ಪ ತಂತಿಯ ಕಡೆ ಸ್ವಲ್ಪ ಕೆಳಗಿರಲಿ. ಕೊನೆಯ ಫ್ರೆಟ್ ಒತ್ತಿದಾಗ ತಂತಿಗೂ ಪಿಕಪ್‌ಗೂ ನಡುವೆ 3 ಮಿಲಿಮೀಟರ್ ಬಿಟ್ಟು ಕೇಳಿ, ಆಮೇಲೆ ಕಿವಿಗೆ ಹಿಡಿಸುವ ಹಾಗೆ ಏರಿಸಿ. ತೀರಾ ಹತ್ತಿರವಿದ್ದರೆ ಅಯಸ್ಕಾಂತ ದಪ್ಪ ತಂತಿಯನ್ನು ಎಳೆದು ಸ್ವರ ಅಲುಗಾಡುತ್ತದೆ. ಇದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. ಪಿಕಪ್ ಬದಲಿಸಲು ಹೊರಡುವ ಮುಂಚೆ ಇದನ್ನು ಮಾಡಿ ನೋಡಿ.

ಹೆಜ್ಜೆ 8: ಮೊದಲ ವಾರದ ಅಭ್ಯಾಸ

ಏಳನೆಯ ತಂತಿಯನ್ನು ನುಡಿಸುವುದಕ್ಕಿಂತ ಸುಮ್ಮನಿರಿಸುವುದು ಕಷ್ಟ. ಮೇಲಿನ ತಂತಿಗಳಲ್ಲಿ ಸೋಲೋ ನುಡಿಸುವಾಗ ಅದು ತಾನೇ ತಾನಾಗಿ ಕಂಪಿಸುತ್ತಾ ಹಿಂದಿನಿಂದ ಗುಂಯ್‌ಗುಡುತ್ತದೆ. ಮೀಟುವ ಕೈಯ ಅಂಗೈ ಅಂಚನ್ನು ಏಳು, ಆರನೆಯ ತಂತಿಗಳ ಮೇಲೆ ಇರಿಸಿಕೊಂಡು, ನಿಮಗೆ ಬರುವ ಒಂದು ಸ್ವರಶ್ರೇಣಿಯನ್ನು ತೆಳು ತಂತಿಗಳ ಮೇಲೆ ನಿಧಾನವಾಗಿ ನುಡಿಸಿ. ಡಿಸ್ಟಾರ್ಷನ್ ಹಾಕಿಯೇ ನುಡಿಸಿ, ಇಲ್ಲದಿದ್ದರೆ ತಪ್ಪು ಕೇಳುವುದಿಲ್ಲ. ಎಡಗೈ ಹೆಬ್ಬೆರಳು ಕತ್ತಿನ ಹಿಂಬದಿಯ ನಡುವಿಗೆ ಇಳಿಯಲಿ. ಆರು ತಂತಿಯ ಹಾಗೆ ಮೇಲಿಂದ ಸುತ್ತಿ ಹಿಡಿದರೆ ಕಿರುಬೆರಳು ದಪ್ಪ ತಂತಿಯನ್ನು ತಲುಪುವುದಿಲ್ಲ.

ಕಣ್ಣೂ ಮೋಸ ಹೋಗುತ್ತದೆ. ಅಂಚಿನ ತಂತಿ ಅಂದರೆ ‘ಇ’ ಅಂತ ವರ್ಷಗಟ್ಟಲೆ ಕೂತ ಅಭ್ಯಾಸ, ಮೊದಲ ಕೆಲವು ದಿನ ಒಂದು ತಂತಿ ತಪ್ಪಿ ಹಿಡಿಯುತ್ತೀರಿ. ನನಗೆ ಸಹಾಯ ಮಾಡಿದ್ದು ಒಂದೇ ಉಪಾಯ: ಬರುವ ಹಾಡುಗಳನ್ನೇ, ಏಳನೆಯ ತಂತಿ ಮುಟ್ಟದೆ, ದಿನಕ್ಕೆ ಇಪ್ಪತ್ತು ನಿಮಿಷ ಈ ಗಿಟಾರ್‌ನಲ್ಲಿ ನುಡಿಸುವುದು. ಐದಾರು ದಿನಕ್ಕೆ ಕೈ ತಾನೇ ಲೆಕ್ಕ ಹಿಡಿಯಿತು. ಅಂಗಡಿಯವರು ಕೊಟ್ಟ ವಾಪಸಾತಿ ಗಡುವು ಮುಗಿಯುವ ಮುಂಚೆ ಇನ್ನೊಮ್ಮೆ ದಪ್ಪ ತಂತಿಯ 12ನೇ ಫ್ರೆಟ್ ನೋಡಿಕೊಳ್ಳಿ. ಹೊಸ ತಂತಿ ಎಳೆದು, ಕತ್ತು ಹೊಸ ಬಿಗಿಗೆ ಹೊಂದಿಕೊಂಡು ನಾಲ್ಕು ದಿನವಾದ ಮೇಲೆ ಸಿಗುವ ಸ್ವರವೇ ಆ ಗಿಟಾರ್‌ನ ನಿಜವಾದ ಸ್ವರ.